ಡ್ರಾಫ್ಟ್‌ಗೆ ಮುಂಚೆ ಒಬ್ಬ ಡಿಫೆನ್ಸ್ ಹುಡುಗನನ್ನು ನೋಡುವುದು ಹೇಗೆ

ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್. ಅದರ ತಂಡಗಳು ಎಳೆಯ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವುದೇ ಡ್ರಾಫ್ಟ್. 2012ರ ಜೂನ್‌ನಲ್ಲಿ ಅದು ಪಿಟ್ಸ್‌ಬರ್ಗ್‌ನಲ್ಲಿ ನಡೆಯಿತು. ಮೊದಲು ಕೂಗಿದ ಹತ್ತು ಹೆಸರುಗಳಲ್ಲಿ ಎಂಟು ಡಿಫೆನ್ಸ್ ಆಟಗಾರರದ್ದೇ. ನಾಲ್ಕನೇ ಸರದಿಯಲ್ಲಿ ನ್ಯೂಯಾರ್ಕ್ ಐಲ್ಯಾಂಡರ್ಸ್ ಆರಿಸಿದ್ದು ಗ್ರಿಫಿನ್ ರೈನ್‌ಹಾರ್ಟ್ ಅವರನ್ನು. ಎತ್ತರದ ಆಳು, ಜೂನಿಯರ್ ಹಾಕಿಯಲ್ಲಿ ಒಳ್ಳೆ ಹೆಸರು. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ಒಟ್ಟು 37 ಪಂದ್ಯ. ಅದೇ ಡ್ರಾಫ್ಟ್‌ನಲ್ಲಿ ಕಾಲ್ಟನ್ ಪರೇಕೊ 86ನೆಯವರು, ಜೇಕಬ್ ಸ್ಲೇವಿನ್ 120ನೆಯವರು. ಪರೇಕೊ 2019ರಲ್ಲಿ ಸೇಂಟ್ ಲೂಯಿಸ್ ಜೊತೆ ಸ್ಟ್ಯಾನ್ಲಿ ಕಪ್, ಅಂದರೆ ಎನ್‌ಎಚ್‌ಎಲ್ ಚಾಂಪಿಯನ್ ಪಟ್ಟ, ಗೆದ್ದರು. ಸ್ಲೇವಿನ್ ಕೆರೊಲೈನಾ ತಂಡದಲ್ಲಿ ವರ್ಷಗಟ್ಟಲೆ ಎದುರಾಳಿಯ ಅತ್ಯುತ್ತಮ ಫಾರ್ವರ್ಡ್‌ಗಳನ್ನು ಕಟ್ಟಿಹಾಕುವ ಕೆಲಸ ಮಾಡಿದ್ದಾರೆ.

ಆರಿಸುವವರು ದಡ್ಡರಾಗಿರಲಿಲ್ಲ. ಇದೇ ಕೆಲಸ ಮಾಡಿ ಸಂಬಳ ತೆಗೆದುಕೊಳ್ಳುವವರು ಅವರು. ಆದರೂ ಡಿಫೆನ್ಸ್ ಹುಡುಗರ ವಿಷಯದಲ್ಲಿ ಕಣ್ಣು ತಪ್ಪುವುದು ಜಾಸ್ತಿ. ಫಾರ್ವರ್ಡ್ ಗೋಲು ಹೊಡೆದರೆ ಎಲ್ಲರಿಗೂ ಕಾಣುತ್ತದೆ. ಡಿಫೆನ್ಸ್ ಆಡುವವನು ತನ್ನ ಕೆಲಸ ಸರಿಯಾಗಿ ಮಾಡಿದರೆ ಅಲ್ಲಿ ಏನೂ ನಡೆಯುವುದೇ ಇಲ್ಲ. ಆ 'ಏನೂ ನಡೆಯದ' ಜಾಗವನ್ನು ನೋಡಲು ಕಲಿಯಬೇಕು.

ಒಂಟಾರಿಯೊದ ರಿಂಕ್‌ಗಳಲ್ಲಿ ಫ್ಲಾಸ್ಕಿನ ಕಾಫಿ ಕುಡಿಯುತ್ತಾ ನಾನು ಹಲವು ಚಳಿಗಾಲ ಕಳೆದಿದ್ದೇನೆ. ಕೆನಡಾ, ಅಮೆರಿಕದಲ್ಲಿ ಮಕ್ಕಳನ್ನು ಐಸ್ ಹಾಕಿಗೆ ಹಾಕಿದ ಕನ್ನಡದ ಅಪ್ಪ ಅಮ್ಮಂದಿರು, ಈಗಷ್ಟೇ ಈ ಆಟದ ಹುಚ್ಚು ಹಿಡಿಸಿಕೊಂಡವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಈ ಹುಡುಗ ಡ್ರಾಫ್ಟ್ ಆಗ್ತಾನಾ?" ಉತ್ತರ ಹುಡುಕುವ ದಾರಿಯನ್ನು, ನಾನು ಮಾಡುವ ಕ್ರಮದಲ್ಲೇ ಹೇಳುತ್ತೇನೆ.

ಮೊದಲು ಪ್ರಶ್ನೆಯನ್ನೇ ಸರಿಮಾಡಿಕೊಳ್ಳಿ

ಡ್ರಾಫ್ಟ್‌ಗೆ ಸಿದ್ಧನಾಗುವುದು ಬೇರೆ, ಎನ್‌ಎಚ್‌ಎಲ್ ಆಡಲು ಸಿದ್ಧನಾಗುವುದು ಬೇರೆ. ಡ್ರಾಫ್ಟ್‌ನಲ್ಲಿ 7 ಸುತ್ತು, 32 ತಂಡ, ಒಟ್ಟು 224 ಆಯ್ಕೆ. ಅದರಲ್ಲಿ ಆ ವರ್ಷವೇ ಎನ್‌ಎಚ್‌ಎಲ್ ಐಸ್ ಮೇಲೆ ಇಳಿಯುವವರು ಬೆರಳೆಣಿಕೆ. ಉಳಿದವರು ಜೂನಿಯರ್‌ಗೋ ಕಾಲೇಜಿಗೋ ಯೂರೋಪಿನ ತಂಡಕ್ಕೋ ವಾಪಸ್ ಹೋಗುತ್ತಾರೆ.

ಕೇಲ್ ಮಕಾರ್ ಅವರನ್ನೇ ನೋಡಿ. 2017ರಲ್ಲಿ ಕೊಲರಾಡೊ ಅವರನ್ನು ನಾಲ್ಕನೆಯವರಾಗಿ ಆರಿಸಿತು. ಆಗ ಅವರು ಆಡುತ್ತಿದ್ದದ್ದು ಆಲ್ಬರ್ಟಾ ಜೂನಿಯರ್ ಲೀಗ್‌ನ ಬ್ರೂಕ್ಸ್ ಬ್ಯಾಂಡಿಟ್ಸ್ ತಂಡದಲ್ಲಿ. ಅದು ದೊಡ್ಡ ಜೂನಿಯರ್ ಲೀಗ್‌ಗಳಿಗಿಂತ ಒಂದು ಮೆಟ್ಟಿಲು ಕೆಳಗೆ. ಆಮೇಲೆ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿದರು. 2019ರ ಏಪ್ರಿಲ್‌ನಲ್ಲಿ ಪ್ಲೇಆಫ್ ನಡುವೆ ಎನ್‌ಎಚ್‌ಎಲ್‌ಗೆ ಕಾಲಿಟ್ಟು ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. 2022ರಲ್ಲಿ ಅತ್ಯುತ್ತಮ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಅವರದಾಯಿತು.

ಹಾಗಾಗಿ "ಇವನು ಇವತ್ತು ಎಷ್ಟು ಚೆನ್ನಾಗಿದ್ದಾನೆ" ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. "ಇವನಲ್ಲಿ ಇರುವುದು ಇನ್ನೂ ಬೆಳೆಯುವಂಥದ್ದಾ, 23ರಲ್ಲಿ ಇವನು ಹೇಗಿರುತ್ತಾನೆ" ಅಂತ ಕೇಳಿ. ಮುಂದಿನ ಎಲ್ಲ ಹೆಜ್ಜೆಯಲ್ಲೂ ಈ ಪ್ರಶ್ನೆ ನಿಮ್ಮ ಜೇಬಿನಲ್ಲಿರಲಿ.

ಹುಟ್ಟಿದ ತಾರೀಖು, ಆಡುವ ಲೀಗ್

ಸೆಪ್ಟೆಂಬರ್ 15ರೊಳಗೆ 18 ತುಂಬಿದವನು ಆ ವರ್ಷದ ಡ್ರಾಫ್ಟ್‌ಗೆ ಅರ್ಹ. ಈ ಒಂದು ಗೆರೆಯಿಂದ ಎಷ್ಟು ಎಡವಟ್ಟಾಗುತ್ತದೆ ಅಂದರೆ, ಒಂದೇ ಪಟ್ಟಿಯಲ್ಲಿರುವ ಇಬ್ಬರ ನಡುವೆ ಸುಮಾರು ಒಂದು ವರ್ಷದ ಅಂತರ ಇರಬಹುದು. 17ನೇ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಬಹಳ ದೊಡ್ಡದು. ಎರಡು ಇಂಚು ಎತ್ತರ, ಹತ್ತು ಕೆಜಿ ತೂಕ, ಒಂದು ಇಡೀ ಬೇಸಿಗೆಯ ತರಬೇತಿ.

ಮ್ಯಾಥ್ಯೂ ಶೇಫರ್ ಹುಟ್ಟಿದ್ದು 2007ರ ಸೆಪ್ಟೆಂಬರ್ 5ರಂದು. ಹನ್ನೊಂದು ದಿನ ತಡವಾಗಿ ಹುಟ್ಟಿದ್ದರೆ ಅವರು 2026ರ ಡ್ರಾಫ್ಟ್‌ಗೆ ಹೋಗಬೇಕಿತ್ತು. 2025ರ ಪಟ್ಟಿಯಲ್ಲಿ ಅವರಿಗಿಂತ ಚಿಕ್ಕವರು ಸಿಗುವುದೇ ಕಷ್ಟ. ಆದರೂ ಐಲ್ಯಾಂಡರ್ಸ್ ಅವರನ್ನೇ ಮೊದಲಿಗೆ ಆರಿಸಿತು. ಆ ಋತುವಿನಲ್ಲಿ ಒಂಟಾರಿಯೊ ಜೂನಿಯರ್ ಲೀಗ್‌ನ ಈರಿ ಆಟರ್ಸ್ ಪರ ಅವರು ಆಡಿದ್ದು 17 ಪಂದ್ಯ ಮಾತ್ರ. ಡಿಸೆಂಬರ್‌ನ ವಿಶ್ವ ಜೂನಿಯರ್ ಟೂರ್ನಿಯಲ್ಲಿ ಕೊರಳೆಲುಬು ಮುರಿಯಿತು. ಅಷ್ಟು ಕಡಿಮೆ ನೋಡಿ ಅಷ್ಟು ಧೈರ್ಯ ಮಾಡಿದ್ದು ಯಾಕೆ ಅಂತ ಮುಂದೆ ಓದುವಾಗ ನಿಮಗೇ ಗೊತ್ತಾಗುತ್ತದೆ.

ಇದರ ಇನ್ನೊಂದು ಮುಖವೂ ಇದೆ. ತಡವಾಗಿ ಮೈ ಬೆಳೆಯುವ ಹುಡುಗರು ಮೊದಲ ವರ್ಷ ಕಣ್ಣಿಗೆ ಬೀಳುವುದಿಲ್ಲ. ಪರೇಕೊ 2011ರಲ್ಲೂ ಅರ್ಹರಾಗಿದ್ದರು, ಆಗ ಯಾವ ತಂಡವೂ ಕರೆಯಲಿಲ್ಲ. ಇವತ್ತು ಅವರ ಎತ್ತರ ಆರಡಿ ಆರಿಂಚು.

ಆಮೇಲೆ ಲೀಗ್. ಒಂಟಾರಿಯೊ, ಪಶ್ಚಿಮ ಕೆನಡಾ, ಕ್ವಿಬೆಕ್‌ನ ಮೂರು ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ತಂಡದ ಮುಖ್ಯ ಡಿಫೆನ್ಸ್ ಹುಡುಗ ರಾತ್ರಿಗೆ 25 ನಿಮಿಷ ಆಡಬಹುದು. ಸ್ವೀಡನ್‌ನಲ್ಲಿ ಅದೇ ವಯಸ್ಸಿನವನು ದೊಡ್ಡವರ ತಂಡದಲ್ಲಿ ಎಂಟು ನಿಮಿಷ ಆಡಿ ಬೆಂಚಿನಲ್ಲಿ ಕೂರಬಹುದು. ಎಂಟು ನಿಮಿಷ ಅಂತ ಕಡೆಗಣಿಸಬೇಡಿ. ಎದುರಿಗೆ 30 ವರ್ಷದ ಗಂಡಸರು ಇರುತ್ತಾರೆ. ರಿಂಕ್‌ನ ಅಗಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಎನ್‌ಎಚ್‌ಎಲ್ ರಿಂಕ್ 85 ಅಡಿ ಅಗಲ. ಯೂರೋಪಿನಲ್ಲಿ 30 ಮೀಟರ್, ಅಂದರೆ ಸುಮಾರು 98 ಅಡಿ ಅಗಲದ ರಿಂಕ್‌ಗಳೂ ಇವೆ. ಅಲ್ಲಿ ಯೋಚಿಸಲು ಸಿಗುವ ಒಂದು ಕ್ಷಣ ಇಲ್ಲಿ ಸಿಗುವುದಿಲ್ಲ.

ಎಲ್ಲಿ ಕೂರಬೇಕು, ಏನು ಬರೆಯಬೇಕು

ಗಾಜಿನ ಪಕ್ಕ ಕೂರಬೇಡಿ. ಸದ್ದು, ಗುದ್ದಾಟ ಎಲ್ಲ ಚೆನ್ನಾಗಿರುತ್ತದೆ, ಆಟ ಕಾಣುವುದಿಲ್ಲ. ಮೇಲಿನ ಸಾಲಿಗೆ ಹೋಗಿ, ಒಂದು ತುದಿಯಲ್ಲಿ, ಗೋಲಿನ ಹಿಂದೆ ಸ್ವಲ್ಪ ಓರೆಯಾಗಿ ಕೂತುಕೊಳ್ಳಿ. ಹುಡುಗ ಕಾಯುವ ಗೋಲು ಮೂರರಲ್ಲಿ ಎರಡು ಪೀರಿಯಡ್ ನಿಮ್ಮ ತುದಿಯಲ್ಲಿರುವಂತೆ ಜಾಗ ಆರಿಸಿ.

ಪಕ್ (ಆಟದ ರಬ್ಬರ್ ಬಿಲ್ಲೆ) ನೋಡಬೇಡಿ, ಹುಡುಗನನ್ನು ನೋಡಿ. ಹೇಳುವುದು ಸುಲಭ, ಮಾಡುವುದು ಕಷ್ಟ. ಕಣ್ಣು ತಾನಾಗಿಯೇ ಪಕ್ ಹಿಂದೆ ಓಡುತ್ತದೆ. ಮೊದಮೊದಲು ಒಂದು ಶಿಫ್ಟ್ ಪೂರ್ತಿ, ಅಂದರೆ ಅವನು ಬೆಂಚಿನಿಂದ ಐಸಿಗೆ ಇಳಿದು ಮತ್ತೆ ಬೆಂಚಿಗೆ ಹೋಗುವವರೆಗಿನ ಸುಮಾರು ನಲವತ್ತೈದು ಸೆಕೆಂಡ್, ಅವನ ಹೆಲ್ಮೆಟ್ ಬಿಟ್ಟು ಬೇರೇನೂ ನೋಡದೆ ಕೂತು ಅಭ್ಯಾಸ ಮಾಡಿ.

ಒಂದೇ ಪಂದ್ಯ ನೋಡಿ ತೀರ್ಪು ಕೊಡಬೇಡಿ. ನನ್ನ ಮಟ್ಟಿಗೆ ಐದಕ್ಕಿಂತ ಕಡಿಮೆ ನೋಡಿದರೆ ಬಾಯಿ ತೆರೆಯುವುದಿಲ್ಲ. ಆ ಐದರಲ್ಲಿ ಒಂದು, ಲೀಗ್‌ನ ಬಲವಾದ ತಂಡದ ಎದುರು ಇರಬೇಕು. ಒಂದು, ಮೂರು ದಿನದಲ್ಲಿ ಮೂರನೇ ಪಂದ್ಯವಾಗಿರಬೇಕು. ಜೂನಿಯರ್ ಲೀಗ್‌ನಲ್ಲಿ ಅಂಥ ವಾರಾಂತ್ಯಗಳು ಬರುತ್ತವೆ. ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ಹುಡುಗನ ಕಾಲು ಮೂರನೇ ಪೀರಿಯಡ್‌ನಲ್ಲಿ ಸುಳ್ಳು ಹೇಳುವುದಿಲ್ಲ.

ಕಾಲು

ನೇರ ಓಡುವ ವೇಗ ನೋಡಿ ಮರುಳಾಗಬೇಡಿ. ಡಿಫೆನ್ಸ್ ಆಡುವವನ ಕಾಲಿನ ಪರೀಕ್ಷೆ ಇರುವುದು ಹಿಂದಕ್ಕೆ ಜಾರುತ್ತಾ ಇದ್ದವನು ಮುಂದಕ್ಕೆ ತಿರುಗುವ ಆ ಒಂದು ತಿರುವಿನಲ್ಲಿ. ಆಗ ವೇಗ ಕಳೆದುಕೊಳ್ಳುತ್ತಾನಾ? ಎಡಕ್ಕೂ ಬಲಕ್ಕೂ ಒಂದೇ ಸಮ ತಿರುಗುತ್ತಾನಾ? ಬಹಳ ಹುಡುಗರಿಗೆ ಒಂದು ಕಡೆ ಚೆನ್ನಾಗಿ ಬರುತ್ತದೆ, ಇನ್ನೊಂದು ಕಡೆ ಸಣ್ಣಗೆ ತಡವರಿಸುತ್ತಾರೆ. ಒಳ್ಳೆಯ ಫಾರ್ವರ್ಡ್ ಅದನ್ನು ಎರಡೇ ಶಿಫ್ಟ್‌ನಲ್ಲಿ ಕಂಡುಹಿಡಿದು ಅದೇ ಕಡೆಯಿಂದ ನುಗ್ಗುತ್ತಾನೆ.

ಮೊದಲ ಮೂರು ಹೆಜ್ಜೆ ನೋಡಿ. ಮಂಡಿ ಬಾಗಿದೆಯಾ, ಅಥವಾ ಸೊಂಟದಿಂದ ಬಗ್ಗಿ ನಿಂತಿದ್ದಾನಾ? ಮಂಡಿ ಬಾಗಿಸಿ ಕೂತಂತೆ ಸ್ಕೇಟ್ ಮಾಡುವವನಿಗೆ ಬಲ ಮುಂದೆ ಬರುತ್ತದೆ. ಬಲ ಇಲ್ಲದೆ ನಿಧಾನ ಇರುವುದು ಒಂದು, ಕ್ರಮವೇ ತಪ್ಪಿ ನಿಧಾನ ಇರುವುದು ಇನ್ನೊಂದು. ಮೊದಲನೆಯದಕ್ಕೆ ಜಿಮ್ ಸಾಕು. ಎರಡನೆಯದಕ್ಕೆ ವರ್ಷಗಳು ಬೇಕು.

ಮೈಕಟ್ಟಿನ ಬಗ್ಗೆ ಒಂದೇ ಮಾತು. ಕ್ವಿನ್ ಹ್ಯೂಸ್ ಐದಡಿ ಹತ್ತಿಂಚು. 2018ರಲ್ಲಿ ಏಳನೆಯವರಾಗಿ ಹೋದರು, 2024ರಲ್ಲಿ ನಾರಿಸ್ ಗೆದ್ದರು. ಆರಡಿ ಒಂಬತ್ತಿಂಚಿನ ಜ್ದೆನೊ ಚಾರಾ ಅವರನ್ನು 1996ರಲ್ಲಿ 56ನೆಯವರಾಗಿ ತೆಗೆದುಕೊಂಡರು. ಎತ್ತರ ಅಳೆಯುವ ಪಟ್ಟಿಯನ್ನು ಮನೆಯಲ್ಲೇ ಬಿಟ್ಟುಬನ್ನಿ.

ಪಕ್ ಹಿಂದೆ ಹೋಗುವ ಮೂರು ಸೆಕೆಂಡ್

ಒಂದೇ ಒಂದು ವಿಷಯ ನೋಡಲು ಸಮಯ ಇದೆ ಅಂದರೆ ಇದನ್ನು ನೋಡಿ.

ಎದುರಾಳಿ ಪಕ್ಕನ್ನು ಮೂಲೆಗೆ ಹೊಡೆದು ಅಟ್ಟಿಸಿಕೊಂಡು ಬರುತ್ತಾನೆ. ನಮ್ಮ ಹುಡುಗ ಬೆನ್ನು ತಿರುಗಿಸಿ ಅದರ ಹಿಂದೆ ಹೋಗಬೇಕು. ಮುಖದ ಮುಂದೆ ಬೋರ್ಡು (ರಿಂಕ್ ಸುತ್ತಲಿನ ಗೋಡೆ), ಬೆನ್ನ ಹಿಂದೆ ಎಂಬತ್ತೈದು ಕೆಜಿಯ ಒಬ್ಬ ಹುಡುಗ ಪೂರ್ತಿ ವೇಗದಲ್ಲಿ. ಪಕ್ ಮುಟ್ಟುವ ಮೊದಲು ನಮ್ಮವನು ಹೆಗಲ ಮೇಲಿಂದ ಎಷ್ಟು ಸಲ ತಿರುಗಿ ನೋಡಿದ? ಎಣಿಸಿ.

ಒಂದು ಸಲವೂ ನೋಡದವನು ಪಕ್ ಸಿಕ್ಕಿದ ಮೇಲೆ ಯೋಚಿಸಲು ಶುರುಮಾಡುತ್ತಾನೆ. ಅಷ್ಟರಲ್ಲಿ ಅವನನ್ನು ಬೋರ್ಡಿಗೆ ಅಂಟಿಸಿರುತ್ತಾರೆ. ಒಂದು ಸಲ ನೋಡಿದವನಿಗೆ ಎದುರಾಳಿ ಯಾವ ಕಡೆಯಿಂದ ಬರುತ್ತಿದ್ದಾನೆ ಅಂತ ಗೊತ್ತು. ಎರಡು ಸಲ ನೋಡಿದವನಿಗೆ ಅದರ ಜೊತೆಗೆ ತನ್ನ ಜೋಡಿ ಎಲ್ಲಿದ್ದಾನೆ, ವಿಂಗರ್ (ಬದಿಯಲ್ಲಿ ಆಡುವ ಫಾರ್ವರ್ಡ್) ಗೋಡೆಗೆ ಬಂದನಾ ಅನ್ನೋದೂ ಗೊತ್ತು. ಅವನು ಪಕ್ ಮುಟ್ಟುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ.

ಕೊಡಗಿನ ಗೆಳೆಯನೊಬ್ಬ ಒಮ್ಮೆ ನನ್ನ ಜೊತೆ ಬಂದಿದ್ದ. ಊರಲ್ಲಿ ಹುಲ್ಲಿನ ಮೇಲೆ ಹಾಕಿ ಆಡಿದವನು, ಫುಲ್‌ಬ್ಯಾಕ್. ಐಸ್ ಹಾಕಿ ನೋಡಿದ್ದು ಅದೇ ಮೊದಲು. ಆಫ್‌ಸೈಡ್ ಅರ್ಥವಾಗದೆ ನನ್ನನ್ನು ಕೇಳುತ್ತಿದ್ದ. ಆದರೆ ಎರಡನೇ ಪೀರಿಯಡ್ ಹೊತ್ತಿಗೆ ಅವನೇ ಹೇಳಿದ: "ಮಾರಾಯ, ಆ ಎಡಗಡೆ ಹುಡುಗ ನೋಡು. ಪಕ್ ಬರೋ ಮೊದ್ಲೇ ತಿರುಗಿ ನೋಡ್ತಾನೆ. ಅವನು ಬ್ಯಾಕು. ಇನ್ನೊಬ್ಬ ಸುಮ್ನೆ ಓಡ್ತಿದ್ದಾನೆ." ಆಟ ಬೇರೆ, ನೆಲ ಬೇರೆ. ಅವನ ಕಣ್ಣು ಸರಿಯಾದ ಜಾಗಕ್ಕೇ ಹೋಗಿತ್ತು.

ನನ್ನ ಪುಸ್ತಕದಲ್ಲಿ ಇದಕ್ಕೆ ಒಂದು ಪುಟ ಇಟ್ಟಿರುತ್ತೇನೆ. ಪ್ರತಿ ಸಲ ಅವನು ಪಕ್ ಹಿಂದೆ ಹೋದಾಗ ಒಂದು ಗೀಟು. ಮೊದಲೇ ತಿರುಗಿ ನೋಡಿದರೆ ಗೀಟಿಗೆ ಒಂದು ಸೊನ್ನೆ ಸುತ್ತುತ್ತೇನೆ. ಅಲ್ಲಿಂದ ಹೊರಟ ಪಾಸ್ ನಮ್ಮವರ ಸ್ಟಿಕ್ಕಿಗೆ ಹೋದರೆ ಪಕ್ಕದಲ್ಲಿ ಒಂದು ಚುಕ್ಕಿ. ರಾತ್ರಿ ಮನೆಗೆ ಬಂದು ಎಣಿಸಿದಾಗ ಸೊನ್ನೆ ಇರುವಲ್ಲೇ ಚುಕ್ಕಿಗಳೂ ಜಾಸ್ತಿ ಇರುತ್ತವೆ.

ಆ ಪಾಸನ್ನೂ ನೋಡಿ. ಮುಂದೆ ಓಡುತ್ತಿರುವ ಫಾರ್ವರ್ಡ್‌ನ ಸ್ಟಿಕ್ಕಿಗೆ ಬಂತಾ, ಅವನ ಬೆನ್ನ ಹಿಂದಕ್ಕೆ ಹೋಯಿತಾ? ಒತ್ತಡ ಬಂದಾಗ ಗಾಜಿಗೆ ಹೊಡೆದು ಆಚೆ ಕಳಿಸುವುದು ತಪ್ಪಲ್ಲ, ಕೆಲವು ಸಲ ಅದೇ ಜಾಣತನ. ಪ್ರತಿ ಸಲ ಅದನ್ನೇ ಮಾಡಿದರೆ ಮಾತ್ರ ಬೇರೆ ದಾರಿ ಕಾಣುತ್ತಿಲ್ಲ ಅಂತ ಅರ್ಥ.

ಎದುರಾಳಿ ನುಗ್ಗಿ ಬರುವಾಗ

ಇಲ್ಲಿ ನೋಡಬೇಕಾದ್ದು ಇಬ್ಬರ ನಡುವಿನ ಅಂತರ. ಆಟದ ಭಾಷೆಯಲ್ಲಿ ಗ್ಯಾಪ್. ಎದುರಾಳಿ ಪಕ್ ಹಿಡಿದು ಮಧ್ಯದ ಗೆರೆ ದಾಟಿದಾಗ ನಮ್ಮವನು ಎಷ್ಟು ದೂರದಲ್ಲಿದ್ದಾನೆ? ಸುಮಾರು ಒಂದು ಸ್ಟಿಕ್ ಉದ್ದದಲ್ಲಿ ಇದ್ದರೆ ಅವನು ಎದುರಾಳಿಗೆ ಉಸಿರಾಡಲು ಬಿಡುತ್ತಿಲ್ಲ. ಹತ್ತು ಹದಿನೈದು ಅಡಿ ಹಿಂದೆ ಜಾರಿದ್ದರೆ ನೀಲಿ ಗೆರೆಯನ್ನು, ಅಂದರೆ ತನ್ನ ವಲಯದ ಬಾಗಿಲನ್ನು, ಬಿಟ್ಟುಕೊಡುತ್ತಿದ್ದಾನೆ.

ಹಿಂದೆ ಜಾರುವ ಹುಡುಗ ಹೆದರಿದ್ದಾನೆ ಅಂತ ತಕ್ಷಣ ಅಂದುಕೊಳ್ಳಬೇಡಿ. ಕೋಚ್ ಹಾಗೇ ಹೇಳಿರಬಹುದು. ತನ್ನ ಕಾಲಿನ ಮೇಲೆ ನಂಬಿಕೆ ಇಲ್ಲದೆಯೂ ಇರಬಹುದು. ಯಾವುದು ಅಂತ ತಿಳಿಯಲು ಅವನ ಜೋಡಿಯನ್ನು ನೋಡಿ. ಇಬ್ಬರೂ ಹಿಂದೆ ಜಾರಿದರೆ ಅದು ಕೋಚ್. ಇವನೊಬ್ಬನೇ ಆದರೆ ಅದು ಕಾಲು.

ಇದನ್ನೂ ಎಣಿಸಬಹುದು. ಅವನ ಕಡೆ ನುಗ್ಗಿದವರಲ್ಲಿ ಎಷ್ಟು ಜನ ಪಕ್ ಹಿಡಿದುಕೊಂಡೇ ಒಳಗೆ ಬಂದರು, ಎಷ್ಟು ಜನ ಬೇರೆ ದಾರಿ ಇಲ್ಲದೆ ಮೂಲೆಗೆ ಹೊಡೆದರು, ಎಷ್ಟು ಜನರನ್ನು ಗೆರೆಯಲ್ಲೇ ತಡೆದ. ಮೂರು ಕಾಲಂ ಸಾಕು. ಈ ಲೆಕ್ಕ ಪ್ಲಸ್-ಮೈನಸ್ ಅಂಕಿಗಿಂತ (ಅವನು ಐಸ್ ಮೇಲಿದ್ದಾಗ ತಂಡ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದದ್ದು) ಎಷ್ಟೋ ಮೇಲು. ಪ್ಲಸ್-ಮೈನಸ್ ಹೇಳುವುದು ತಂಡ ಎಷ್ಟು ಒಳ್ಳೆಯದು, ಗೋಲ್‌ಕೀಪರ್ ಅವತ್ತು ಹೇಗಿದ್ದ ಅನ್ನುವುದನ್ನೇ ಹೆಚ್ಚು.

ದೊಡ್ಡ ಹೊಡೆತಗಳ ಬಗ್ಗೆ ಜಾಗ್ರತೆ. ನಡು ಐಸಿನಲ್ಲಿ ಯಾರನ್ನೋ ಕೆಡವಿದರೆ ಇಡೀ ರಿಂಕ್ ಎದ್ದು ಕೂಗುತ್ತದೆ. ಅದೇ ಹುಡುಗ ಆ ಹೊಡೆತಕ್ಕಾಗಿ ಜಾಗ ಬಿಟ್ಟು ಹೋಗಿ ಎಷ್ಟು ಸಲ ತಪ್ಪಿಸಿಕೊಂಡ ಅಂತಲೂ ಬರೆದುಕೊಳ್ಳಿ. ಗೋಲಿನ ಮುಂದೆ 16 ವರ್ಷದವರನ್ನು ಬರೀ ಮೈಬಲದಿಂದ ತಳ್ಳುವವನು ನಾಳೆ ತನಗಿಂತ ಬಲವಾದವರ ಎದುರು ಏನು ಮಾಡುತ್ತಾನೆ? ಮೈಗಿಂತ ಮೊದಲು ಸ್ಟಿಕ್ ಸರಿಯಾದ ಜಾಗಕ್ಕೆ ಬರುತ್ತದಾ ನೋಡಿ. ಸ್ಲೇವಿನ್ ಆಟದ ಸೊಗಸು ಅದೇ. ಅಷ್ಟು ಕಷ್ಟದ ಕೆಲಸ ಮಾಡಿಯೂ ಪೆನಾಲ್ಟಿ ತೀರಾ ಕಡಿಮೆ. ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಟ್ರೋಫಿ ಡಿಫೆನ್ಸ್‌ನವರಿಗೆ ಸಿಗುವುದೇ ಅಪರೂಪ, ಅವರಿಗೆ ಎರಡು ಸಲ ಸಿಕ್ಕಿದೆ.

ಪಾಯಿಂಟ್ಸ್ ನೋಡುವ ರೀತಿ

ಋತುವಿನ ಪಾಯಿಂಟ್ಸ್, ಅಂದರೆ ಗೋಲು ಮತ್ತು ಅಸಿಸ್ಟ್ (ಗೋಲಿಗೆ ದಾರಿ ಮಾಡಿದ ಪಾಸ್) ಸೇರಿಸಿದ ಪಟ್ಟಿ ತೆಗೆದರೆ ಮೊದಲು ಪವರ್ ಪ್ಲೇಯಲ್ಲಿ ಬಂದದ್ದನ್ನು ಬೇರೆ ಇಡಿ. ಒಬ್ಬ ಹೆಚ್ಚುವರಿ ಆಟಗಾರ ಇದ್ದಾಗ ನೀಲಿ ಗೆರೆಯಲ್ಲಿ ನಿಂತು ಪಾಸ್ ಕೊಟ್ಟರೂ ಅಸಿಸ್ಟ್ ಬರುತ್ತದೆ. ಎನ್‌ಎಚ್‌ಎಲ್ ತಂಡದಲ್ಲಿ ಆ ಜಾಗ ಒಬ್ಬನಿಗೋ ಇಬ್ಬರಿಗೋ. ಉಳಿದವರು ಐದಕ್ಕೆ ಐದು ಆಟದಲ್ಲೇ ಬದುಕಬೇಕು.

ಗೆರೆಯ ಮೇಲೆ ಪಕ್ ಸಿಕ್ಕಾಗ ನಿಂತಲ್ಲೇ ಹೊಡೆಯುತ್ತಾನಾ, ಅಥವಾ ಎರಡು ಹೆಜ್ಜೆ ಪಕ್ಕಕ್ಕೆ ಜಾರಿ ದಾರಿ ಮಾಡಿಕೊಳ್ಳುತ್ತಾನಾ? ಅವನ ಶಾಟ್ ಗೋಲಿನವರೆಗೆ ತಲುಪುತ್ತದಾ, ಮುಂದೆ ನಿಂತವರ ಕಾಲಿಗೆ ಬಡಿಯುತ್ತದಾ? ಆಡಂ ಫಾಕ್ಸ್ ಅವರನ್ನು 2016ರಲ್ಲಿ 66ನೆಯವರಾಗಿ ತೆಗೆದುಕೊಂಡರು. ಅವರಿಗೆ ಮಿಂಚಿನ ವೇಗವೂ ಇರಲಿಲ್ಲ, ದೊಡ್ಡ ಮೈಯೂ ಇರಲಿಲ್ಲ. ಬೇರೆಯವರಿಗಿಂತ ಮೊದಲು ಆಟವನ್ನು ಓದುವ ತಲೆ ಇತ್ತು. 2021ರಲ್ಲಿ ನಾರಿಸ್ ಗೆದ್ದರು.

ತಪ್ಪು ಮಾಡಿದ ಮೇಲಿನ ಶಿಫ್ಟ್

ಇವನ ತಪ್ಪಿನಿಂದ ಗೋಲು ಆಯಿತು ಅಂತಿಟ್ಟುಕೊಳ್ಳಿ. ಬೆಂಚಿಗೆ ಹೋಗುವಾಗ ನೋಡಿ. ಸ್ಟಿಕ್ ಎಸೆಯುತ್ತಾನಾ, ತಲೆ ತಗ್ಗಿಸುತ್ತಾನಾ, ಸಹಾಯಕ ಕೋಚ್ ಹತ್ತಿರ ಏನೋ ಕೇಳುತ್ತಾನಾ? ಮುಂದಿನ ಶಿಫ್ಟ್‌ನಲ್ಲಿ ಅದೇ ಪಾಸನ್ನು ಮತ್ತೆ ಪ್ರಯತ್ನಿಸುವ ಧೈರ್ಯ ಇದೆಯಾ? ತಪ್ಪು ಮಾಡದ ಹುಡುಗನಿಗಿಂತ, ತಪ್ಪು ಮಾಡಿ ಮರುಕ್ಷಣ ಚೇತರಿಸಿಕೊಳ್ಳುವ ಹುಡುಗನನ್ನು ನಾನು ಮೇಲೆ ಬರೆಯುತ್ತೇನೆ. ಡಿಫೆನ್ಸ್ ಆಡುವವನ ಬದುಕೆಲ್ಲ ಅದೇ ತಾನೇ.

ಕಂಬೈನ್, ಪಟ್ಟಿ, ಮನೆ

ಡ್ರಾಫ್ಟ್‌ಗೆ ಮುಂಚೆ ಬಫಲೋದಲ್ಲಿ ಕಂಬೈನ್, ಅಂದರೆ ಹುಡುಗರ ಮೈಕಸುವಿನ ಪರೀಕ್ಷೆ, ನಡೆಯುತ್ತದೆ. ಸೈಕಲ್ ತುಳಿಸುತ್ತಾರೆ, ಜಿಗಿಸುತ್ತಾರೆ, ಪುಲ್-ಅಪ್ ಮಾಡಿಸುತ್ತಾರೆ, ತಂಡಗಳು ಒಂದೊಂದಾಗಿ ಕರೆದು ಮಾತಾಡಿಸುತ್ತವೆ. ಐಸ್ ಮೇಲೆ ಆಡಿಸುವುದಿಲ್ಲ. 2014ರಲ್ಲಿ ಸ್ಯಾಮ್ ಬೆನೆಟ್ ಒಂದೇ ಒಂದು ಪುಲ್-ಅಪ್ ಮಾಡಲಾಗದೆ ಸುದ್ದಿಯಾದರು. ಅವರು ಫಾರ್ವರ್ಡ್. 2025ರಲ್ಲಿ ಫ್ಲೋರಿಡಾ ಕಪ್ ಗೆದ್ದಾಗ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅವರೇ. ಈ ಪರೀಕ್ಷೆಗಳನ್ನು ಇವತ್ತಿನ ಮೈಯ ಒಂದು ಫೋಟೋ ಅಂತ ತೆಗೆದುಕೊಳ್ಳಿ, ಅಷ್ಟೇ. ಎನ್‌ಎಚ್‌ಎಲ್ ಸೆಂಟ್ರಲ್ ಸ್ಕೌಟಿಂಗ್ (ಡ್ರಾಫ್ಟ್‌ಗೆ ಬರುವ ಹುಡುಗರಿಗೆ ರ‍್ಯಾಂಕ್ ಕೊಡುವ ಲೀಗ್‌ನ ವಿಭಾಗ) ಪಟ್ಟಿ ಓದುವಾಗ ಒಂದು ನೆನಪಿಡಿ: ಉತ್ತರ ಅಮೆರಿಕದವರದ್ದು ಬೇರೆ ಪಟ್ಟಿ, ಯೂರೋಪಿನವರದ್ದು ಬೇರೆ. ಅಲ್ಲಿ 40ನೇ ಸ್ಥಾನ ಅಂದರೆ ಡ್ರಾಫ್ಟ್‌ನಲ್ಲೂ 40 ಅಂತ ಅಲ್ಲ.

ಮನೆಯವರಿಗೆ ಒಂದು ಮಾತು. ಹೆಸರು ಕೂಗದಿದ್ದರೆ ದಾರಿ ಮುಚ್ಚಿತು ಅಂದುಕೊಳ್ಳಬೇಡಿ. ಟೊರಾಂಟೊದಲ್ಲಿ ಹುಟ್ಟಿದ ಮಾರ್ಕ್ ಜಿಯೊರ್ಡಾನೊ ಅವರನ್ನು ಯಾವ ಡ್ರಾಫ್ಟ್‌ನಲ್ಲೂ ಯಾರೂ ಕರೆಯಲಿಲ್ಲ. 2019ರಲ್ಲಿ ನಾರಿಸ್ ಅವರ ಕೈಯಲ್ಲಿತ್ತು. 2025ರ ಆಗಸ್ಟ್‌ನಿಂದ ಕೆನಡಾದ ದೊಡ್ಡ ಜೂನಿಯರ್ ಲೀಗ್‌ಗಳಲ್ಲಿ ಆಡಿದವರೂ ಅಮೆರಿಕದ ಕಾಲೇಜು ಹಾಕಿ ಆಡಬಹುದು. ಮೊದಲು ಹದಿನಾರಕ್ಕೇ ಎರಡರಲ್ಲಿ ಒಂದು ದಾರಿ ಆರಿಸಬೇಕಿತ್ತು. ಈಗ ತಡವಾಗಿ ಅರಳುವ ಹುಡುಗನಿಗೆ ಸಮಯ ಸಿಗುತ್ತದೆ. ಓದೂ ಕೈಬಿಡುವುದಿಲ್ಲ.

ಕೊನೆಗೆ, ಅಕ್ಟೋಬರ್ ಪುಟದ ಪಕ್ಕ ಮಾರ್ಚ್ ಪುಟ

ಋತುವಿನ ಆರಂಭದಲ್ಲಿ ಬರೆದದ್ದನ್ನೂ ಕೊನೆಯಲ್ಲಿ ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ಓದಿ. ಆರು ತಿಂಗಳಲ್ಲಿ ಏನು ಬದಲಾಯಿತು? ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇಲ್ಲ. ಕಲಿಯುವ ಹುಡುಗ 18ಕ್ಕೆ ಕಲಿಯುವುದು ನಿಲ್ಲಿಸುವುದಿಲ್ಲ. ಅಕ್ಟೋಬರ್‌ನಲ್ಲಿ ಚೆನ್ನಾಗಿದ್ದು ಮಾರ್ಚ್‌ನಲ್ಲೂ ಅಷ್ಟೇ ಚೆನ್ನಾಗಿರುವವನ ಬಗ್ಗೆ ನಾನು ಸ್ವಲ್ಪ ತಡೆದು ಬರೆಯುತ್ತೇನೆ.

ಒಬ್ಬ ಹುಡುಗ ಇದ್ದ. ಬಲಗೈ ಆಟಗಾರ, ತೆಳ್ಳಗೆ, ಹೆಲ್ಮೆಟ್ ಕೆಳಗೆ ಉದ್ದ ಕೂದಲು. ಅಕ್ಟೋಬರ್‌ನ ಒಂದು ರಾತ್ರಿ ಹನ್ನೊಂದು ಸಲ ಪಕ್ ಹಿಂದೆ ಹೋಗಿದ್ದ. ಮೊದಲೇ ತಿರುಗಿ ನೋಡಿದ್ದು ಮೂರು ಸಲ. ಎರಡು ಸಲ ಬೋರ್ಡಿಗೆ ಬಡಿಸಿಕೊಂಡು ಎದ್ದ. ಪುಟದ ಕೆಳಗೆ ನಾನು ಬರೆದದ್ದು: "ಕಾಲು ಚೆನ್ನಾಗಿದೆ, ಕಣ್ಣು ಇಲ್ಲ. ಆರನೇ ಸುತ್ತು, ಸಿಕ್ಕರೆ."

ಮಾರ್ಚ್‌ನಲ್ಲಿ ಅದೇ ರಿಂಕ್, ಅದೇ ಸೀಟು. ಹನ್ನೆರಡು ಸಲ ಹೋದ. ಒಂಬತ್ತು ಗೀಟಿಗೆ ಸೊನ್ನೆ ಸುತ್ತಿದೆ. ಒಂದು ಸಲ ಅವನು ಬಲಕ್ಕೆ ಹೆಗಲು ತಿರುಗಿಸಿದ. ಹಿಂದೆ ಬರುತ್ತಿದ್ದವನು ಅದನ್ನು ನಂಬಿ ಆ ಕಡೆಗೇ ವಾಲಿದ. ಇವನು ಗೋಲಿನ ಹಿಂದಿನಿಂದ ಎಡಕ್ಕೆ ಜಾರಿ, ತಲೆ ಎತ್ತಿ, ಮಧ್ಯದ ಗೆರೆಯಲ್ಲಿದ್ದ ವಿಂಗರ್‌ಗೆ ನೇರ ಪಾಸ್ ಕೊಟ್ಟ. ಗೋಲೇನೂ ಆಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆರನೇ ಸುತ್ತು ಅಂತ ಬರೆದದ್ದರ ಮೇಲೆ ಗೀಟು ಎಳೆದು ಪಕ್ಕದಲ್ಲಿ "ಮೂರು" ಅಂತ ಬರೆದೆ.